ಜಗದೇವಪ್ಪನ ಪಿಚಕಾರಿ

ಜೇವರ್ಗಿ ಬಸ್‌ಸ್ಟ್ಯಾಂಡಿನಿಂದ ಬಿಜಾಪುರದ ರಸ್ತೆ ಹಿಡಿದು ಸ್ವಲ್ಪ ನಡೆದರೆ ಲಾರಿ ಟಾಯರಿಗೆ ಪಂಕ್ಚರ್ ಹಾಕುವ ಅಂಗಡಿ. ಅದರ ಮಗ್ಗುಲಿಗೇ ಮನುಷ್ಯರಿಗೆ ಹೊಲಿಗೆ ಹಾಕುವ ಅಂಗಡಿ. ಎರಡನೆಯದರ ಬೋರ್ಡಿನ ಮೇಲೆ ನರ್ಸಿಂಗ್ ಹೋಮ್ ಎಂದು ಬರೆದಿತ್ತು. ಒಳಗೆ ನರ್ಸಿಂಗು ಕಡಿಮೆ, ಹೋಮವೇ ಹೆಚ್ಚು ಎಂಬುದು ಸುಭದ್ರಾಬಾಯಿಗೆ ಕೆಲಸಕ್ಕೆ ಸೇರಿದ ಎರಡನೆಯ ದಿನವೇ ತಿಳಿದುಹೋಯಿತು. ಯಜಮಾನರು ಡಾಕ್ಟರ್ ಶಾಂತಲಿಂಗಪ್ಪ, ಕೈಯಾಡಿಸುವವನು ಕಂಪೌಂಡರ್ ಜಗದೇವಪ್ಪ, ಹವಿಸ್ಸು ಬಾಗಿಲೊಳಗೆ ಕಾಲಿಟ್ಟವರೆಲ್ಲ.

ಅದು ೧೯೯೧ರ ಬೇಸಿಗೆ. ಸುಭದ್ರಾಬಾಯಿ ಅದಕ್ಕೆ ಮೊದಲು ಸೋಲಾಪುರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದಳು. ಗಂಡ ಹಣಮಂತ್ರಾಯ ಆಳಂದದ ಕೃಷಿ ಇಲಾಖೆಯಲ್ಲಿ, ತಾನು ಸೋಲಾಪುರದಲ್ಲಿ. ಹೀಗೆ ಒಂಬತ್ತು ವರ್ಷ ಕೆಂಪು ಬಸ್ಸಿನಲ್ಲೇ ಸಂಸಾರ ಮಾಡಿದ ಮೇಲೆ ಅವನಿಗೆ ಜೇವರ್ಗಿಗೆ ವರ್ಗವಾಯಿತು. ಇನ್ನಾದರೂ ಒಂದೇ ಸೂರಿನ ಕೆಳಗೆ ಇರೋಣವೆಂದು ಇವಳು ಅಲ್ಲಿಯದನ್ನು ಬಿಟ್ಟು ಬಂದಳು. ಬಂದು ನೋಡಿದರೆ, ಯಾವ ದವಾಗಳನ್ನು ಕಲಸಲು ಸೋಲಾಪುರದಲ್ಲಿ ಎರಡು ಜೊತೆ ಗ್ಲೌಸು, ಉದ್ದ ತೋಳಿನ ಗೌನು, ಗಾಜಿನ ಪೆಟ್ಟಿಗೆ, ಬಾಗಿಲಿಗೆ ಅಗಳಿ ಬೇಕಾಗಿತ್ತೋ, ಅದೇ ದವಾಗಳನ್ನು ಇಲ್ಲಿ ಜಗದೇವಪ್ಪ ಚಹಾ ಸೋಸುವ ಟೇಬಲ್ಲಿನ ಮೇಲೆ ಕಲಸುತ್ತಿದ್ದ.

ಕ್ಯಾನ್ಸರಿನ ಗಂಟನ್ನು ಕೊಲ್ಲುವ ಈ ದವಾಗಳಿಗೆ ಗಂಟು ಯಾವುದು, ಗಟ್ಟಿ ಜೀವ ಯಾವುದು ಎಂಬ ಭೇದ ಅಷ್ಟಾಗಿ ತಿಳಿಯದು. ರೋಗಿಯ ನರದೊಳಗೆ ಲೆಕ್ಕದಂತೆ ಹೋದರೆ ಔಷಧ. ಕಲಸುವವರ ಚರ್ಮಕ್ಕೆ, ಉಸಿರಿಗೆ, ಊಟದ ತುತ್ತಿಗೆ ಹೋದರೆ ವಿಷ. ಸೋಲಾಪುರದಲ್ಲಿ ಚಿಕಿತ್ಸೆ ಶುರುವಾದ ಜೇವರ್ಗಿ, ಅಫಜಲಪುರದ ಕಡೆಯವರು ಮೂರು ವಾರಕ್ಕೊಮ್ಮೆ ಅಷ್ಟು ದೂರ ಹೋಗಿ ಬರಲಾರದೆ, ಅಲ್ಲಿಯ ಚೀಟಿಯನ್ನೂ ಸೀಸೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಎರಡು ವರ್ಷದಿಂದ ಇಲ್ಲಿಗೆ ಬರುತ್ತಿದ್ದರು. ಹರ್ನಿಯಾ ಮತ್ತು ಹಗ್ಗದಷ್ಟು ಉದ್ದದ ಮಾತು, ಇವೆರಡರಲ್ಲಿ ಪಳಗಿದ್ದ ಶಾಂತಲಿಂಗಪ್ಪ ಚೀಟಿ ನೋಡಿ ಸಲಾಯಿನ್ ಹಚ್ಚಿಸುತ್ತಿದ್ದರು. 'ಟೆಕ್ನಿಕಲಿ ನಮ್ಮದು ಈಗ ಕ್ಯಾನ್ಸರ್ ಸೆಂಟರ್' ಎಂದು ಅವರು ಬಂದವರಿಗೆಲ್ಲ ಹೇಳುವಾಗ ಟೆಕ್ನಿಕಲಿ ಎಂಬ ಪದ ಮೂಗಿನ ಒಳಗಿಂದ ಸವಾರಿ ಹೊರಟು ಕನ್ನಡಕದ ಮೇಲೆ ಹಾದು ಬರುತ್ತಿತ್ತು.

ಜಗದೇವಪ್ಪನ ಕಲಸುವಿಕೆಯೋ, ಅದೊಂದು ಬಯಲಾಟ. ಮೊದಲು ಟೇಬಲ್ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಳ್ಳುವನು. ಕತ್ತರಿಯ ತುದಿಯಿಂದ ಸೀಸೆಯ ತಗಡಿನ ಟೋಪಿಯನ್ನು ಹಾರಿಸುವನು. ಸೂಜಿ ಚುಚ್ಚಿ ಒಳಕ್ಕೆ ಗಾಳಿ ತುಂಬುವನು; ಸೈಕಲ್ಲಿಗೆ ಹವಾ ಹೊಡೆದಷ್ಟು. ಬಿಳಿ ಪುಡಿ ಕರಗದಿದ್ದರೆ ಸೀಸೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಮಜ್ಜಿಗೆ ಕಡೆದಂತೆ ಕಡೆಯುವನು. ಸೂಜಿ ಹೊರಗೆಳೆದಾಗ ಸೀಸೆಯ ಬಾಯಿಂದ ಫುಸ್ ಎಂದು ಬರುವುದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವನು. ಆಮೇಲೆ ಕಾಣಬೇಕು ಅವನ ಕಳೆ: ಸಿರಿಂಜನ್ನು ಆಕಾಶಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಚಿರ್‍ರೆಂದು ಒಂದು ಪಿಚಕಾರಿ. ಸುಣ್ಣ ಬಳಿದ ಮಾಳಿಗೆಯ ಒಳಮೈಗೆ ಕೆಂಪು ದವಾದ ಚುಕ್ಕೆಗಳು ತಿಗಣೆ ಒರೆಸಿದಂತೆ ಅಂಟಿಕೊಂಡಿದ್ದವು.

ಸಾದಾ ಇಂಜೆಕ್ಷನ್ನಿಗೂ ಈ ಸೀಮೆಯ ಮಂದಿಗೆ ಪಿಚಕಾರಿ ಬೇಕು. ಹಾರದಿದ್ದರೆ ಸೂಜಿ ಖಾಲಿ, ಡಾಕ್ಟರು ಮೋಸ ಮಾಡಿದರು ಎಂಬ ಗುಮಾನಿ. ಗಾಳಿಯ ಗುಳ್ಳೆ ತೆಗೆಯಲು ಒಂದು ತೊಟ್ಟು ಹೊರಕ್ಕೆ ಬರಬೇಕಾದಲ್ಲಿ ಜಗದೇವಪ್ಪ ಕಾರಂಜಿಯನ್ನೇ ಎಬ್ಬಿಸಿ ಇಪ್ಪತ್ತು ವರ್ಷಗಳಿಂದ ಹೆಸರು ಮಾಡಿದ್ದ. ಮಣ್ಣೂರಿನಿಂದ ಹೆಂಡತಿ ಗಂಗುಬಾಯಿಯನ್ನು ಕರೆದುಕೊಂಡು ಬರುತ್ತಿದ್ದ ಸೈದಪ್ಪನಂತೂ ಪಿಚಕಾರಿ ಎಷ್ಟು ಎತ್ತರ ಹೋಯಿತೆಂದು ಕತ್ತು ಎತ್ತಿ ನೋಡಿ, ಆಮೇಲೆಯೇ ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ.

ಸುಭದ್ರಾಬಾಯಿ ಮೊದಲ ವಾರವೇ ಡಾಕ್ಟರ್ ಸಾಹೇಬರ ಮುಂದೆ ನಿಂತು ಕೇಳಿದ್ದಳು. ಗಾಜಿನ ಪೆಟ್ಟಿಗೆ ಬೇಡ, ಅದು ಇಲ್ಲಿ ಸಿಗುವುದಿಲ್ಲ; ಫ್ಯಾನು ಬಂದ್ ಮಾಡಿಸಿ, ಬೇರೆ ಖೋಲಿ ಕೊಡಿ, ಹೊಸ ಗ್ಲೌಸು ತರಿಸಿ ಎಂದು. ಗ್ಲೌಸು ಇದೆಯಲ್ಲ ಎಂದು ಸಾಹೇಬರು ಕಿಟಕಿಯ ಆಚೆ ತೋರಿಸಿದರು. ಅಲ್ಲಿ ಹಗ್ಗದ ಮೇಲೆ ಒಂದೇ ಒಂದು ಜೊತೆ, ತೊಳೆದು, ತೇಪೆ ಹಚ್ಚಿ, ಪೌಡರ್ ಬಳಿದು, ಹಾಲು ಬತ್ತಿದ ಕೆಚ್ಚಲಿನಂತೆ ಜೋತಾಡುತ್ತಿತ್ತು. ಹೆರಿಗೆಗೂ ಅದೇ, ಕುರುವಿಗೂ ಅದೇ. ಜಗದೇವಪ್ಪನಿಗೆ ಅದೂ ಬೇಡ. ಗ್ಲೌಸು ಹಾಕಿದರೆ ಕೈಗೆ ದವಾದ ಖರೆ ಗುಣ ತಿಳಿಯುವುದಿಲ್ಲವಂತೆ. ಅವಳು ತನ್ನ ಹಳೆಯ ಉದ್ದ ತೋಳಿನ ಗೌನು ತೊಟ್ಟು ಬಂದ ದಿನ ಅವನು ವರಾಂಡದಲ್ಲಿ ಕುಳಿತವರಿಗೆಲ್ಲ ಕೇಳುವಂತೆ, "ಸೋಲಾಪುರ ಚಾದರ ಬಂತು ನೋಡ್ರಿ, ಯಾರಿಗರೆ ಚಳಿ ಹತ್ತಿದ್ರ ಹೊಚ್ಚಿಗೋರಿ" ಅಂದ. ಅಂದಿನಿಂದ ಅವಳ ಹೆಸರು ಚಾದರವೇ ಆಯಿತು.

ಸುಭದ್ರಾಬಾಯಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ಎದುರಿಗಿದ್ದವರ ಬಗ್ಗೆ ಸ್ವಲ್ಪವಾದರೂ ಮರ್ಯಾದೆ ಇರಬೇಕು. ಅವಳಿಗೆ ಇದ್ದದ್ದು ಹೇಸಿಗೆ. ಚಹಾದ ಹೊತ್ತಿಗೆ ಸ್ಟೋರಿನ ಹಿಂದೆ ಕುಳಿತು ಅವಳು ಇಬ್ಬರನ್ನೂ ಕುಣಿಸುತ್ತಿದ್ದಳು. ಪೆನ್ನನ್ನು ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದರೆ ಜಗದೇವಪ್ಪ. ಮೂಗಿನಲ್ಲಿ ಗಾಳಿ ತುಂಬಿ, 'ಟೆಕ್ನಿಕಲಿ ಬಾಯಾರ, ಚಹಾ ಕೂಡ ಒಂದು ಲಿಕ್ವಿಡ್' ಎಂದರೆ ಶಾಂತಲಿಂಗಪ್ಪ. ನೋಡುವವಳು ಒಬ್ಬಳೇ, ಕಿರಿಯ ನರ್ಸು ಅಮೃತ. ಇಪ್ಪತ್ತಮೂರರ ಹುಡುಗಿ, ಹತ್ತಿರದ ಇಜೇರಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಶಾಲೆ ಮಾಸ್ತರ. ನಗಲು ಶುರು ಮಾಡಿದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿಬಿಡುತ್ತಿದ್ದಳು.

ಒಂದು ಸೋಮವಾರ ಸುಭದ್ರಾಬಾಯಿ ತನ್ನ ಕೈಚಳಕವನ್ನೆಲ್ಲ ಸುರಿದರೂ ಅಮೃತ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು, ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿದಳು. ಮುಖ ತೊಳೆದುಕೊಂಡು ಬಂದವಳ ಕಣ್ಣು ನೋಡಿದ ಕೂಡಲೇ ಸುಭದ್ರಾಬಾಯಿಯ ಕೈಯಲ್ಲಿದ್ದ ಪೆನ್ನು ಕೆಳಗಿಳಿಯಿತು.

"ಎಷ್ಟಾತು?" ಎಂದಳು.

"ಎರಡು ಮುಗದು ಮೂರರಾಗ ಅದ ಅಕ್ಕೋರ. ಯಾರಿಗೂ ಹೇಳಬ್ಯಾಡ್ರಿ. ಸಾಹೇಬ್ರಿಗೆ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ."

ಅದು ನಿಜ. ಹೊಟ್ಟೆ ಕಂಡ ನರ್ಸನ್ನು ಮನೆಗೆ ಕಳಿಸುವುದು ಆ ಅಂಗಡಿಯ ರಿವಾಜು. ಇದಕ್ಕೂ ಮೊದಲು ಇಬ್ಬರನ್ನು ಹಾಗೆಯೇ ಕಳಿಸಿದ್ದರು. ಕಳಿಸುವಾಗ ಸಾಹೇಬರು ಒಂದೊಂದು ತೆಂಗಿನಕಾಯಿ ಕೊಟ್ಟಿದ್ದರಂತೆ. ಅಮೃತ ಮಾತು ಮುಂದುವರಿಸಿದಳು. ಹೋದ ವರ್ಷವೂ ನಿಂತಿತ್ತು, ಎರಡೂವರೆ ತಿಂಗಳಿಗೆ ಹೋಯಿತು, ಆಗಲೂ ಯಾರಿಗೂ ಹೇಳಿರಲಿಲ್ಲ, ಎರಡು ದಿನ ಜ್ವರವೆಂದು ರಜೆ ಹಾಕಿ ಮೂರನೆಯ ದಿನ ಬಂದಿದ್ದಳು. ಸುಭದ್ರಾಬಾಯಿ ಒಂದೇ ಪ್ರಶ್ನೆ ಕೇಳಿದಳು: ಆಗ ಮಂಗಳವಾರದ ದವಾ ಕಲಸುತ್ತಿದ್ದವರು ಯಾರು? ಮಂಗಳವಾರ ಜಗದೇವಪ್ಪ ಕೆಲಸಕ್ಕೆ ಬರುತ್ತಿರಲಿಲ್ಲ. ಅಮೃತ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಉಳಿದ ದಿನ ಅವನ ಮಗ್ಗುಲಿಗೆ ಟ್ರೇ ಹಿಡಿದು ನಿಲ್ಲುವವಳೂ ಅವಳೇ.

"ಅದರಿಂದನ ಹೋಯ್ತು ಅಂತ ನಾ ಹೇಳಂಗಿಲ್ಲ," ಎಂದಳು ಸುಭದ್ರಾಬಾಯಿ. "ಹಂಗ ಹೇಳಾಕ ಯಾರಿಗೂ ಬರಂಗಿಲ್ಲ. ಆದ್ರ ಸೋಲಾಪುರದಾಗ ಬಸರಿದ್ದ ಸಿಸ್ಟರ್‌ಗೆ ಆ ಖೋಲಿ ಬಾಗಲಾ ಸುದ್ದಾ ಮುಟ್ಟಗೊಡತಿದ್ದಿಲ್ಲ."

ಹೇಳದೆ ಉಳಿಸಿಕೊಂಡದ್ದು ಬೇರೆ ಇತ್ತು. ಸೋಲಾಪುರದಲ್ಲಿ ಆ ನಿಯಮಗಳು ಬಂದದ್ದು ಅವಳು ಸೇರಿದ ಮೂರನೆಯ ವರ್ಷ, ಮುಂಬಯಿಯಲ್ಲಿ ಕಲಿತು ಬಂದ ಹೊಸ ಮೇಟ್ರನ್ ಕಾಲದಲ್ಲಿ. ಮೊದಲ ಎರಡು ವರ್ಷ ಸುಭದ್ರಾಬಾಯಿಯೂ ಬರಿಗೈಯಲ್ಲಿ ಕಲಸಿದ್ದಳು, ಕಲಸಿದ ಕೈಯಲ್ಲೇ ಚುನ್ಮುರಿ ತಿಂದಿದ್ದಳು. ನಾಲ್ಕನೆಯ ತಿಂಗಳಿಗೆ ಒಂದು ಹೋಗಿತ್ತು. ಆಮೇಲೆ ನಿಲ್ಲಲೇ ಇಲ್ಲ. ಅದಕ್ಕೆ ದವಾ ಕಾರಣವೋ, ಹಣೆಬರಹ ಕಾರಣವೋ, ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುವ ಗಂಡ ಕಾರಣವೋ, ಯಾವ ಡಾಕ್ಟರೂ ಹೇಳಲಿಲ್ಲ. ಜಗದೇವಪ್ಪನನ್ನು ಅಣಕಿಸುವಾಗ ಒಮ್ಮೊಮ್ಮೆ ಅವಳಿಗೆ ತನ್ನದೇ ಇಪ್ಪತ್ತೈದರ ಮುಖ ಕಾಣುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹೇಸಿಗೆ ಆ ಮುಖದ ಮೇಲೆಯೇ.

ಮರುದಿನವೇ ಹೋಗಿ, ಮಂಗಳವಾರದ ದವಾ ತಾನೇ ಕಲಸುತ್ತೇನೆ ಎಂದಳು. ಕಾರಣ ಹೇಳಲಿಲ್ಲ. ಸಾಹೇಬರು ಆಗುವುದಿಲ್ಲ ಎಂದರು. ಮಂಗಳವಾರ ಆಪರೇಷನ್ ದಿನ, ಅನುಭವದ ಕೈ ಅಲ್ಲಿ ಬೇಕು, ನೀರು ಹಾಕಿ ಪುಡಿ ಕದಡಲು ಅಮೃತ ಸಾಕು. ಟೆಕ್ನಿಕಲಿ ಅದು ಶರಬತ್ತು ಮಾಡಿದಂತೆಯೇ, ಎಂದರು. ಆ ದಿನ ಪುಣ್ಯಕ್ಕೆ ಕ್ಯಾನ್ಸರಿನ ರೋಗಿ ಯಾರೂ ಬರಲಿಲ್ಲ. ಆದರೆ ಶನಿವಾರ ಗಂಗುಬಾಯಿಯ ಸರದಿ ಇತ್ತು, ಕೆಂಪು ದವಾ. ಟ್ರೇ ಹಿಡಿಯಲು ಅಮೃತ ನಿಲ್ಲಲೇಬೇಕು.

ಕಾಣದ್ದನ್ನು ನಂಬದ ಗಂಡಸರಿಗೆ ಕಾಣಿಸಿಯೇ ಕೊಡಬೇಕೆಂದು ಸುಭದ್ರಾಬಾಯಿ ಗುರುವಾರ ನಿರ್ಧಾರ ಮಾಡಿದಳು. ಮನೆಯಲ್ಲಿ ಅರಿಷಿಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಯಿಟ್ಟು, ಹತ್ತಿಯಲ್ಲಿ ಎರಡು ಸಲ ಸೋಸಿ, ಬಟ್ಟೆಗೆ ತಾಗಿದರೆ ಕಣ್ಣಿಗೆ ಬೀಳದಷ್ಟು ತಿಳಿಯಾಗುವಂತೆ ನೀರು ಬೆರೆಸಿ, ಪೆನಿಸಿಲಿನ್ನಿನ ಖಾಲಿ ಸೀಸೆಯೊಂದಕ್ಕೆ ತುಂಬಿದಳು. ಹಣಮಂತ್ರಾಯ ಇದೇನೆಂದು ಕೇಳಿದ್ದಕ್ಕೆ, ಸಾಹೇಬರಿಗೆ ಅರಿಷಿಣ ಹಚ್ಚಿ ನೀರು ಹಾಕುವುದಿದೆ ಎಂದಳು.

ಶುಕ್ರವಾರ ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತು. ಟೇಬಲ್ಲಿನ ಸುತ್ತ ಚಹಾ ನಡೆದಿತ್ತು. ಸುಭದ್ರಾಬಾಯಿ ಸೀಸೆಯನ್ನು ನಡುವೆ ಇಟ್ಟು, ಇದು ಬರೀ ಅರಿಷಿಣದ ನೀರು ಎಂದು ಎಲ್ಲರಿಗೂ ಸಾಫ್ ಹೇಳಿದಳು. ಜಗದೇವಪ್ಪ ದಿನವೂ ಹೇಗೆ ಕಲಸುತ್ತಾನೋ ಹಾಗೆಯೇ ಕಲಸಲಿ, ಅಮೃತ ನಿಲ್ಲುವಲ್ಲಿ ಟ್ರೇ ಹಿಡಿದು ನಿಲ್ಲಲಿ, ಸಾಹೇಬರು ಕೂರುವಲ್ಲಿ ಕೂರಲಿ. ಹೊರಗೆ ಏನೂ ಚೆಲ್ಲದಿದ್ದರೆ ತಾನು ಇನ್ನು ಗ್ಲೌಸಿನ ಮಾತು ಎತ್ತುವುದಿಲ್ಲ. ಶಾಂತಲಿಂಗಪ್ಪನವರಿಗೆ ಬೇಸಿಗೆಯ ಮಧ್ಯಾಹ್ನ ಕಳೆಯಲು ಏನಾದರೂ ಬೇಕಾಗಿತ್ತು. ಆಗಲಿ ಎಂದು ಲೋಟ ಕೆಳಗಿಟ್ಟು ಮೊಣಕೈ ಊರಿ ಕುಳಿತರು.

ಜಗದೇವಪ್ಪ ಮೀಸೆಯ ಎರಡೂ ತುದಿ ತೀಡಿದ. "ಒಂದ ಹನಿ ಹೊರಗ ಬಿತ್ತಂದ್ರ ಈ ಮೀಸಿ ಅರ್ಧ ಬೋಳಸ್ತೇನಿ ಬಾಯಾರ. ಬೀಳಲಿಲ್ಲಂದ್ರ ನಿಮ್ಮ ಚಾದರ ಸುಡ್ರಿ."

ಬಯಲಾಟ ಶುರುವಾಯಿತು. ಫ್ಯಾನು ತಿರುಗಿತು, ತಗಡಿನ ಟೋಪಿ ಹಾರಿತು, ಸೀಸೆಗೆ ಗಾಳಿ ತುಂಬಿತು, ಅಂಗೈಗಳ ನಡುವೆ ಕಡೆತವೂ ಆಯಿತು. ಕರಗಲು ಪುಡಿ ಇಲ್ಲದಿದ್ದರೂ ಅವನು ಒಂದು ಅಂಕವನ್ನೂ ಬಿಡಲಿಲ್ಲ. ಸೂಜಿ ಹೊರಬರುವಾಗ ಸೀಸೆ ಫುಸ್ ಎಂದಿತು. ಕೊನೆಗೆ ಪಿಚಕಾರಿ, ನೋಡಲು ಸಾಹೇಬರೇ ಕುಳಿತಿದ್ದರಿಂದ ಎಂದಿಗಿಂತ ಒಂದು ಗೇಣು ಹೆಚ್ಚು ಎತ್ತರಕ್ಕೆ.

"ಇದೇನು, ಹೊರಗ ಬಿದ್ದಿದ್ದಲ್ಲೇನು?" ಎಂದಳು ಸುಭದ್ರಾಬಾಯಿ.

"ಅದು ಹವಾದಾಗ ಹೋತ್ರಿ. ಬಿದ್ದಿದ್ದೆಲ್ಲೆ? ತೋರಸ್ರಿ." ಅವನು ಟೇಬಲ್ಲನ್ನು ತಟ್ಟಿ ತೋರಿಸಿದ, ಎರಡೂ ಕೈ ಅರಳಿಸಿ ಸಾಹೇಬರ ಕನ್ನಡಕದ ಮುಂದೆ ಹಿಡಿದ. ಏನೂ ಇರಲಿಲ್ಲ. ಹವೆಯನ್ನು ಆ ಖೋಲಿಯಲ್ಲಿ ಯಾರೂ ಮೂಸುವುದಿಲ್ಲ, ಉಸಿರಾಟ ಹೊರಗೆ ಹೋಗಿ ಮಾಡಿ ಬರುತ್ತಾರೆ ಎಂಬಂತಿತ್ತು ಅವನ ಧೈರ್ಯ. ಸಾಹೇಬರು ತಲೆ ತೂಗಿ ಟೆಕ್ನಿಕಲಿ ಎಂದು ಶುರು ಮಾಡಿದರು.

ಗೆದ್ದವನು ಎಂದಿನಂತೆ ಅಂಗಿಯ ಕಿಸೆಯಿಂದ ತಂಬಾಕಿನ ಚೀಲ ತೆಗೆದ. ಎಡ ಅಂಗೈಯಲ್ಲಿ ತಂಬಾಕು ಹಾಕಿ, ಡಬ್ಬಿಯಿಂದ ಉಗುರಿನಷ್ಟು ಸುಣ್ಣ ತೆಗೆದು ಹಚ್ಚಿ, ಬಲ ಹೆಬ್ಬೆರಳಿನಿಂದ ತಿಕ್ಕತೊಡಗಿದ. ನಾಲ್ಕು ಸಲ ತಿಕ್ಕುವುದರೊಳಗೆ ಅಂಗೈ ಕೆಂಪಾಯಿತು. ಇನ್ನೆರಡು ಸಲ ತಿಕ್ಕಿದ. ಹೆಬ್ಬೆರಳೂ ರಕ್ತ ಹತ್ತಿದಂತೆ ಕೆಂಪಾಯಿತು. ಆರತಿಯ ಓಕುಳಿ ನೀರು ಕಲಸಿದ ಯಾವ ಹೆಂಗಸಿಗಾದರೂ ಅರಿಷಿಣಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಗೊತ್ತು. ಓಕುಳಿಯನ್ನು ಬರೀ ದಾಟಿಕೊಂಡು ಓಡಾಡಿದ ಗಂಡಸರಿಗೆ ಗೊತ್ತಿರಲಿಲ್ಲ. ಅಮೃತ ಟ್ರೇ ಹಿಡಿದಲ್ಲೇ ತುಟಿ ಕಚ್ಚಿಕೊಂಡಳು.

"ತಿನ್ನು," ಎಂದಳು ಸುಭದ್ರಾಬಾಯಿ. "ದಿನಾ ತಿನ್ನತಿಯಲ್ಲ. ಇವತ್ತು ಬಣ್ಣ ಅದ, ಅಷ್ಟ."

ಜಗದೇವಪ್ಪ ತಿನ್ನಲಿಲ್ಲ. ಅಂಗೈಯನ್ನು ಮೈಯಿಂದ ದೂರ ಹಿಡಿದು, ಅದು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತ. ಅವಳು ಅವನ ಸುಣ್ಣದ ಡಬ್ಬಿಯನ್ನೇ ತೆಗೆದುಕೊಂಡು ಬಟ್ಟಲ ನೀರಿನಲ್ಲಿ ಕದಡಿ, ತಿಳಿಯಲ್ಲಿ ಹತ್ತಿ ಅದ್ದಿದಳು. ಟೇಬಲ್ಲಿನ ಮೇಲೆ ಒರೆಸಿದರೆ ಹತ್ತಿ ಕೆಂಪು. ಚಹಾ ಲೋಟದ ಅಂಚಿಗೆ ಒರೆಸಿದರೆ ಕೆಂಪು. ಸಾಹೇಬರ ಕನ್ನಡಕ ಕೇಳಿ ಪಡೆದು ಗಾಜಿಗೆ ಒರೆಸಿದಳು, ಕೆಂಪು. ಅವರ ಬಿಳಿ ಅಂಗಿಯ ಎದೆಗೆ ಒತ್ತಿದಳು. ಮೂರು ಕೆಂಪು ಚುಕ್ಕೆ. ಜಗದೇವಪ್ಪನ ಮೀಸೆಗೆ ಹತ್ತಿ ಹಿಡಿದಾಗ ಅವನು ಕ್ಷೌರಿಕನ ಮುಂದೆ ಕುಳಿತವನಂತೆ ಗದ್ದ ಎತ್ತಿ ಕೊಟ್ಟ. ಮೀಸೆ ಮೆಹಂದಿ ಹಚ್ಚಿದ ಮುದುಕನದಾಯಿತು. ಬೋಳಿಸುವ ಮಾತನ್ನು ಯಾರೂ ನೆನಪಿಸಲಿಲ್ಲ, ಅವನಂತೂ ಅಲ್ಲವೇ ಅಲ್ಲ.

ಕೊನೆಗೆ ಅವಳು ಅಮೃತಳ ಬಿಳಿ ಏಪ್ರನ್ನಿಗೆ ಬಂದಳು. ಎದೆಯಿಂದ ಕೆಳಕ್ಕೆ ಹತ್ತಿ ಒತ್ತುತ್ತ ಹೋದಂತೆ, ಟ್ರೇ ಹಿಡಿದಿದ್ದ ಕೈಗಳ ಕೆಳಗೆ, ಹೊಟ್ಟೆಯ ನೇರಕ್ಕೆ, ಒಗ್ಗರಣೆಯ ಸಾಸಿವೆ ಸಿಡಿದಂತೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಎದ್ದವು. ಫ್ಯಾನಿನ ಗಾಳಿ ಸೀದಾ ಅಲ್ಲಿಗೇ ಹೋಗುತ್ತಿತ್ತು. ಸುಭದ್ರಾಬಾಯಿಯ ಕೈ ಅಲ್ಲಿ ನಿಂತಿತು. ಮುಂದೆ ಒತ್ತಲು ಅವಳಿಗೆ ಮನಸ್ಸಾಗಲಿಲ್ಲ.

ಶಾಂತಲಿಂಗಪ್ಪ ಎದ್ದು ನಲ್ಲಿಗೆ ಹೋಗಿ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದರು, ಮುಖ ತೊಳೆದರು, ಕೊನೆಗೆ ಅಂಗಿಯನ್ನೇ ಬಿಚ್ಚಿ ಬನಿಯನ್ನಿನಲ್ಲಿ ಬಂದು ಕುಳಿತರು. ಅರಿಷಿಣದ ನೀರಿಗೆ ಇಷ್ಟು. ಎರಡು ವರ್ಷದಿಂದ ಆ ಕುರ್ಚಿಯಲ್ಲಿ ಕುಳಿತು ಕುಡಿದ ಚಹಾಗಳ ನೆನಪು ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋಗುವುದು ಕಾಣುತ್ತಿತ್ತು. ಜಗದೇವಪ್ಪ ಆಗಲೇ ಎದೆ ಹಿಡಿದುಕೊಂಡು, ತನಗೆ ಹೋದ ತಿಂಗಳಿಂದ ತಲೆ ನೋಯುತ್ತಿದೆ, ಕೈ ತುರಿಸುತ್ತದೆ, ಮಕ್ಕಳು ಇನ್ನೂ ಸಣ್ಣವು, ಇನ್ನು ಈ ದವಾದ ತಂಟೆಗೆ ಬರುವುದಿಲ್ಲ, ಬೇಕಾದರೆ ಕೆಲಸದಿಂದ ತೆಗೆಯಿರಿ ಎಂದು ಹೇಳಿಬಿಟ್ಟಿದ್ದ. ಇಪ್ಪತ್ತು ವರ್ಷದ ಶೌರ್ಯ ಚಿಟಿಕೆ ಸುಣ್ಣಕ್ಕೆ ಇಳಿದುಹೋಗಿತ್ತು.

ಸಾಹೇಬರು ವಿಚಾರ ಮಾಡಿದರು. ವಿಚಾರ ಮಾಡುವಾಗ ಅವರು ಕಿವಿಯಲ್ಲಿ ಪೆನ್ನಿನ ಟೋಪಿ ಆಡಿಸುತ್ತಿದ್ದರು. ಆಡಿಸಿ ಮುಗಿದ ಮೇಲೆ ತೀರ್ಪು ಹೊರಟಿತು. ವಿಷಯ ಟೆಕ್ನಿಕಲಿ ಸೀರಿಯಸ್ ಆಗಿದೆ. ಜಗದೇವಪ್ಪ ಮಕ್ಕಳೊಂದಿಗ, ಅವನನ್ನು ಇದರಿಂದ ಬಿಡಿಸಬೇಕು. ಹೆಣ್ಣುಮಕ್ಕಳ ಕೈ ನಾಜೂಕು, ಅವರು ಚೆಲ್ಲುವುದಿಲ್ಲ. ನಾಳೆಯಿಂದ ಎಲ್ಲ ದಿನವೂ ಅಮೃತ ಕಲಸಲಿ.

ಸುಭದ್ರಾಬಾಯಿಗೆ ತನ್ನ ಕೈಯಲ್ಲಿದ್ದ ಕೆಂಪು ಹತ್ತಿಯನ್ನು ತನ್ನ ಮುಖಕ್ಕೇ ಒರೆಸಿಕೊಳ್ಳಬೇಕು ಎನ್ನಿಸಿತು. ಗಂಡಸರಿಗೆ ಅಂಜಿಕೆ ಕಲಿಸಲು ಹೊರಟಿದ್ದಳು. ಕಲಿತರು, ಚೆನ್ನಾಗಿಯೇ ಕಲಿತರು, ಕಲಿತ ಕೂಡಲೇ ಆ ಅಂಜಿಕೆಯನ್ನು ತಮಗಿಂತ ಕೆಳಗಿದ್ದವಳ ಉಡಿಯಲ್ಲಿ ಹಾಕಿದರು. ಇಷ್ಟನ್ನು ಮುಂಗಾಣದವಳು ನಕಲು ಮಾಡಿ ನಗಿಸುವುದಕ್ಕೇ ಲಾಯಕ್ಕು. ಬಾಯಿ ತೆರೆಯುವುದರೊಳಗೆ ಅಮೃತ ಟ್ರೇಯನ್ನು ಟೇಬಲ್ಲಿನ ಮೇಲಿಟ್ಟಳು. ಸದ್ದಾಗದಂತೆ ಇಟ್ಟಳು.

"ನಾ ಕಲಸಂಗಿಲ್ರಿ ಸಾಹೇಬ್ರ. ನಾ ಬಸರ ಅದೇನಿ. ಹೋದ ವರ್ಷ ಒಂದು ಇಲ್ಲೇ ಕಳಕೊಂಡೇನಿ, ಇದನ್ನ ಕಳಕೋಳಂಗಿಲ್ಲ."

ಖೋಲಿಯಲ್ಲಿ ಫ್ಯಾನು ಇನ್ನೂ ತಿರುಗುತ್ತಿತ್ತು. ಸುಭದ್ರಾಬಾಯಿ ಹೋಗಿ ಅದನ್ನು ಬಂದ್ ಮಾಡಿದಳು. ಸಾಹೇಬರು ಮೊದಲು ಅಮೃತಳ ಮುಖ ನೋಡಿದರು, ಆಮೇಲೆ ಏಪ್ರನ್ನಿನ ಚುಕ್ಕೆಗಳನ್ನು ನೋಡಿದರು, ಆಮೇಲೆ ಗಂಟಲು ಸರಿಮಾಡಿಕೊಂಡು ದಯಾಮಯರಾದರು. ಇದನ್ನು ಮೊದಲೇ ಹೇಳಬಾರದೇನವ್ವ, ಸಂತೋಷದ ಸುದ್ದಿ, ಹಾಗಾದರೆ ನಾಳೆಯಿಂದ ಮನೆಯಲ್ಲಿ ಆರಾಮ ಮಾಡು, ಇಲ್ಲಿಯ ರಿವಾಜು ನಿನಗೆ ಗೊತ್ತೇ ಇದೆ ಎಂದರು. ಕಪಾಟಿನ ಕಡೆಗೂ ಒಮ್ಮೆ ನೋಡಿದರು; ಬಹುಶಃ ತೆಂಗಿನಕಾಯಿ ಇದೆಯೋ ಇಲ್ಲವೋ ಎಂದು.

ಸುಭದ್ರಾಬಾಯಿ ರೋಗಿಗಳ ಸ್ಟೂಲ್ ಎಳೆದುಕೊಂಡು ಅವರ ಎದುರಿಗೆ ಕುಳಿತಳು. ಸಾಹೇಬರ ಮುಂದೆ ಅವಳು ಎಂದೂ ಕುಳಿತವಳಲ್ಲ.

"ನಾಳೆ ಹನ್ನೊಂದಕ್ಕ ಮಣ್ಣೂರ ಗಂಗುಬಾಯಿ ಬರ್ತಾಳ," ಎಂದಳು. "ಕೆಂಪು ದವಾ. ಜಗದೇವಪ್ಪ ಒಲ್ಲೆ ಅಂದಾನ. ಅಮೃತಾನ್ನ ನೀವು ಮನಿಗೆ ಕಳಸಾಕತ್ತೀರಿ. ಆಕಿ ಹೋದ್ರ ಆಕಿ ಹಿಂದ ನಾನೂ ಹೋಗ್ತೇನಿ. ಇನ್ನ ಕಲಸಾಕ ಉಳದವ್ರು ಯಾರು ಅಂತ ನೀವ ಎಣಸ್ರಿ ಸಾಹೇಬ್ರ. ಭಾಳ ಹೊತ್ತು ಹತ್ತಂಗಿಲ್ಲ."

ಶಾಂತಲಿಂಗಪ್ಪ ಎಣಿಸಿದರು. ಆಗಷ್ಟೇ ತೊಳೆದ, ಇನ್ನೂ ಸಾಬೂನಿನ ವಾಸನೆ ಹೊಡೆಯುತ್ತಿದ್ದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಗಂಗುಬಾಯಿಯನ್ನು ಸೋಲಾಪುರಕ್ಕೆ ತಿರುಗಿ ಕಳಿಸಿದರೆ ಕ್ಯಾನ್ಸರ್ ಸೆಂಟರ್ ಎಂಬ ಮಾತು ಎಲ್ಲಿ ನಿಲ್ಲುತ್ತದೆ ಎಂಬುದೂ ತಲೆಗೆ ಬಂದಿರಬೇಕು. ಟೆಕ್ನಿಕಲಿ, ಎಂದು ಹೊರಟವರು ಆ ಪದದಲ್ಲೇ ನಿಂತುಬಿಟ್ಟರು. ನೀನೇನು ಹೇಳುತ್ತೀ ಎಂದು ಕೈ ಆಡಿಸಿದರು.

ಅವಳು ಹೇಳಿದಳು. ಹಿಂದಿನ ಸ್ಟೋರ್ ಖೋಲಿ ಖಾಲಿಯಾಗಬೇಕು, ಕಿಟಕಿ ಮುಚ್ಚಿರಬೇಕು, ಫ್ಯಾನು ಇರಬಾರದು. ಚಹಾ, ತಂಬಾಕು, ಬುತ್ತಿ ಯಾವುದೂ ಆ ಹೊಸ್ತಿಲು ದಾಟಬಾರದು. ತೇಪೆಯ ಗ್ಲೌಸು ಬೇಡ, ಪ್ರತಿಸಲ ಹೊಸದು, ಒಂದರ ಮೇಲೊಂದು ಎರಡು ಜೊತೆ. ಸೂಜಿಗಳು, ಸೀಸೆಗಳು, ಒರೆಸಿದ ಹತ್ತಿ, ಎಲ್ಲ ಮುಚ್ಚಳವಿರುವ ಡಬ್ಬಿಗೆ. ಹಿತ್ತಲ ಕಸದಲ್ಲಿ ಎಸೆಯುವಂತಿಲ್ಲ, ಹಂದಿ ಕೆದಕುತ್ತವೆ. ಕಲಸುವವಳು ತಾನೊಬ್ಬಳೇ, ಮಂಗಳವಾರ ಆಪರೇಷನ್ ಇದ್ದರೆ ದವಾದವರಿಗೆ ಬುಧವಾರ ಬರಲು ಹೇಳಿ. ಅಮೃತ ಮುಂದಿನ ಕಡೆ ಡ್ರೆಸ್ಸಿಂಗು, ಚೀಟಿ ನೋಡಿಕೊಂಡು ಇರುತ್ತಾಳೆ, ತಾನಾಗಿ ಸಾಕೆನ್ನುವವರೆಗೆ. ಹೆತ್ತು ಬಂದ ಮೇಲೆ ಇದೇ ಕೆಲಸ ಇರುತ್ತದೆ.

"ಬಾಯಿ ಮಾತು ಬ್ಯಾಡ್ರಿ," ಎಂದಳು ಕೊನೆಗೆ. "ನಿಮ್ಮ ಪ್ಯಾಡಿನ ಮ್ಯಾಲ ಬರದು ಸಹಿ ಹಾಕಿ ಅಮೃತಾನ ಕೈಯಾಗ ಕೊಡ್ರಿ."

ಸಾಹೇಬರು ಬರೆದರು. ಅಕ್ಷರ ಎಂದಿನಂತೆ ಯಾರಿಗೂ ಓದಲು ಬಾರದ ಹಾಗಿತ್ತು. ಸುಭದ್ರಾಬಾಯಿ ಮೊದಲ ಹಾಳೆಯನ್ನು ಹರಿದು, ಬಿಡಿಸಿ ಬರೆಯಿರಿ ಎಂದು ಎರಡನೆಯದನ್ನು ಮುಂದಿಟ್ಟಳು. ಬನಿಯನ್ನಿನಲ್ಲಿ ಕುಳಿತು, ಒಂದನೆಯ ಇಯತ್ತೆಯ ಮಗುವಿನಂತೆ ಒಂದೊಂದೇ ಅಕ್ಷರ ಬಿಡಿಸಿ ಅವರು ಬರೆಯುವುದನ್ನು ನೋಡುವಾಗ ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಹೆದರಿಸದೆ ಒಂದು ಒಳ್ಳೆಯ ಕೆಲಸ ಮಾಡಿಸಲಾಗದ ಜನರ ನಡುವೆ ಗೆದ್ದು ಏನು ಬಂತು ಎನ್ನಿಸಿತು.

ಶನಿವಾರ ಹನ್ನೊಂದಕ್ಕೆ ಸೈದಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ. ಗಂಗುಬಾಯಿಯ ತಲೆಯಲ್ಲಿ ಈಗ ಕೂದಲಿರಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹಾಸಿಗೆಯ ಮೇಲೆ ಸುಮ್ಮನೆ ಕುಳಿತಳು. ಆ ನರ್ಸಿಂಗ್ ಹೋಮಿನೊಳಗೆ ಸುಭದ್ರಾಬಾಯಿ ಮೆತ್ತಗೆ ಮಾತಾಡುತ್ತಿದ್ದದ್ದು ಇಂಥವರೊಡನೆ ಮಾತ್ರ. ನರ ಹುಡುಕಿ, ಸಲಾಯಿನ್ ಹಚ್ಚಿ, ಸೂಜಿಯ ಜಾಗ ಉರಿದರೆ ಕೂಡಲೇ ಕೂಗು ಎಂದು ಎರಡು ಸಲ ಹೇಳಿ, ಸೀಸೆಗಳನ್ನು ತೆಗೆದುಕೊಂಡು ಹಿಂದಿನ ಖೋಲಿಗೆ ನಡೆದಳು.

ವರಾಂಡದಲ್ಲಿ ಜಗದೇವಪ್ಪ ಸೈದಪ್ಪನನ್ನು ಹಿಡಿದು ಕೂರಿಸಿಕೊಂಡಿದ್ದ. ಪಿಚಕಾರಿ ಯಾಕೆ ಹಾರಿಸುವುದಿಲ್ಲ ಎಂದು ಸೈದಪ್ಪ ಕೇಳಿದ್ದಕ್ಕೆ, ಈ ದವಾ ಭಾರಿ ಜಹರು, ಒಂದು ಹನಿ ಹವೆಯಲ್ಲಿ ಹೋದರೆ ಆಳು ಖಲಾಸ್, ಇದನ್ನು ನಾನೇ ಪರೀಕ್ಷೆ ಮಾಡಿ ಸಾಹೇಬರಿಗೆ ತೋರಿಸಿ ಬಂದ್ ಮಾಡಿಸಿದೆ ಎಂದು ಧ್ವನಿ ಇಳಿಸಿ ಹೇಳುತ್ತಿದ್ದ. ಸಾಹೇಬರು ಇನ್ನೊಬ್ಬರಿಗೆ, ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಇದೆ ಎನ್ನುವುದೂ ಕೇಳಿಸಿತು. ಸುಭದ್ರಾಬಾಯಿಗೆ ಆ ಎರಡೂ ಧ್ವನಿಗಳನ್ನು ನಾಲಗೆಯ ತುದಿಯಲ್ಲಿ ಹಿಡಿದುಕೊಳ್ಳಬಹುದಿತ್ತು. ಹಿಡಿಯಲಿಲ್ಲ. ನಕಲಿಗೂ ಒಂದು ಅಸಲು ಬೇಕಲ್ಲ.

ಕಿಟಕಿ ಮುಚ್ಚಿದ ಖೋಲಿ ರೊಟ್ಟಿಯ ಹೆಂಚಿನಂತೆ ಕಾದಿತ್ತು. ಗೌನು ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿ, ಒಂದರ ಮೇಲೊಂದು ಗ್ಲೌಸು ಏರಿಸುವುದರೊಳಗೆ ಬೆನ್ನಿನ ಮೇಲೆ ಬೆವರು ಹರಿಯಿತು. ಟೇಬಲ್ಲಿನ ಮೇಲೆ ದಪ್ಪ ಬಟ್ಟೆ ಹಾಸಿದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಕೆಂಪು ದವಾದ ಸೀಸೆಯ ಕೊರಳಿಗೆ ಸುತ್ತಿದಳು. ನೀರು ಬಿಡುವಾಗ ಗಾಳಿ ಒಳಕ್ಕೆ ತುಂಬಬಾರದು, ಒಳಗಿನ ಗಾಳಿಯನ್ನೇ ಸ್ವಲ್ಪ ಸ್ವಲ್ಪ ಸಿರಿಂಜಿಗೆ ಎಳೆದುಕೊಳ್ಳುತ್ತ ಹೋಗಬೇಕು. ಅವಸರ ಮಾಡಿದರೆ ಕೆಟ್ಟಿತು, ಕೈ ನಡುಗಿದರೂ ಕೆಟ್ಟಿತು. ಸೂಜಿ ಎತ್ತಿದಳು.

ಬಾಗಿಲ ಆಚೆ ಚಪ್ಪಲಿಯ ಸದ್ದಾಯಿತು. ಎರಡು ವರ್ಷದ ರೂಢಿ. ಅಮೃತ ಟ್ರೇ ಹಿಡಿದುಕೊಂಡು ಬಂದು ನಿಂತಿದ್ದಳು. ಅಕ್ಕೋರ, ಏನರೆ ಹಿಡೀಲೇನ್ರಿ ಎಂದು ಸಣ್ಣಗೆ ಕೇಳಿದಳು.

ಸುಭದ್ರಾಬಾಯಿ ಸೂಜಿಯನ್ನು ಕೆಳಗಿಟ್ಟಳು.

"ಇಲ್ಲಿ ನಿಂದ್ರಬ್ಯಾಡಬೇ. ಹೋಗು. ಮುಂದಿನ ಬಾಗಲಾ ತನಕ ಹೋಗು."

ಅಷ್ಟು ಒರಟಾಗಿ ಅವಳು ಅಮೃತಳೊಡನೆ ಎಂದೂ ಮಾತಾಡಿರಲಿಲ್ಲ. ಚಪ್ಪಲಿಯ ಸದ್ದು ತಿರುಗಿತು, ವರಾಂಡ ದಾಟಿತು, ಮೆಟ್ಟಿಲು ಇಳಿಯಿತು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿದ್ದರೂ ಸುಭದ್ರಾಬಾಯಿ ಗ್ಲೌಸಿನ ಕೈಯಿಂದ ಒರೆಸಿಕೊಳ್ಳಲಿಲ್ಲ. ಆ ಸದ್ದು ರಸ್ತೆಯ ಲಾರಿಗಳ ಸದ್ದಿನಲ್ಲಿ ಪೂರ್ತಿ ಕರಗಿದೆ ಎಂದು ಖಾತ್ರಿಯಾಗುವವರೆಗೆ ಕಾದಳು. ಆಮೇಲೆ ಸೀಸೆಗೆ ಸೂಜಿ ಚುಚ್ಚಿದಳು.